ಪಾರದರ್ಶಕ ಬಣ್ಣದ ಎನಾಮೆಲ್ ಪಿನ್: ಯಾವ ವಿಧಾನ, ಯಾವ ಲೋಹ, ಯಾವ ಗಿಲೀಟು?

ರಾಜ್ಯೋತ್ಸವಕ್ಕೆ ಅರಿಶಿನ-ಕುಂಕುಮದ ಬಾವುಟದ ಪಿನ್ ಮಾಡಿಸಬೇಕು ಎಂದುಕೊಳ್ಳಿ. ಚಿನ್ನದ ಗಿಲೀಟು ಇರಲಿ, ಎರಡೂ ಬಣ್ಣ ಪಾರದರ್ಶಕವಾಗಿರಲಿ ಎಂದು ಬರೆದು ಕಳಿಸಿದರೆ ಕೈಗೆ ಬರುವುದು ಅರ್ಧ ಬಾವುಟ. ಕೆಳಗಿನ ಕೆಂಪು ಮಾಣಿಕ್ಯದಂತೆ ಹೊಳೆಯುತ್ತದೆ. ಮೇಲಿನ ಹಳದಿ ಇರುವುದೇ ಕಾಣುವುದಿಲ್ಲ, ಬಣ್ಣ ತುಂಬಲು ಮರೆತ ಬರಿಯ ಲೋಹದ ಹಾಗೆ ಇರುತ್ತದೆ. ಕಾರ್ಖಾನೆಯವರು ಹಳದಿ ಹಾಕಿಯೇ ಇದ್ದಾರೆ. ಹಳದಿ ಲೋಹದ ಮೇಲೆ ಹಳದಿ ಗಾಜು ಇಟ್ಟಂತಾಗಿದೆ, ಅಷ್ಟೇ.

ಸಾಮಾನ್ಯ ಬಣ್ಣ ತನ್ನ ಕೆಳಗಿರುವುದನ್ನು ಮುಚ್ಚುತ್ತದೆ. ಪಾರದರ್ಶಕ ಬಣ್ಣ ತೋರಿಸುತ್ತದೆ. ಬೆಳಕು ಬಣ್ಣದ ಪದರಕ್ಕೆ ಇಳಿದು, ತಳದ ಲೋಹಕ್ಕೆ ತಾಗಿ, ಅದೇ ಪದರವನ್ನು ಮತ್ತೊಮ್ಮೆ ದಾಟಿ ಕಣ್ಣಿಗೆ ಬರುತ್ತದೆ. ಹೀಗಾಗಿ ಇಂಥ ಪಿನ್ನಿನಲ್ಲಿ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಬಣ್ಣವಲ್ಲ, ತಳ. ತಳದಲ್ಲಿ ಯಾವ ಲೋಹ ಇರುತ್ತದೆ, ಅದು ನುಣುಪೋ ಒರಟೋ, ಬಣ್ಣ ತುಂಬುವ ಹೊತ್ತಿಗೆ ಅದಕ್ಕೆ ಗಿಲೀಟು ಆಗಿರುತ್ತದೋ ಇಲ್ಲವೋ? ಮುಂದಿನ ನಾಲ್ಕು ವಿಧಾನಗಳನ್ನು ಈ ಪ್ರಶ್ನೆಗಳನ್ನಿಟ್ಟುಕೊಂಡೇ ಹೋಲಿಸಿದ್ದೇವೆ.

ಮೂರು ಪದಗಳನ್ನು ಮೊದಲೇ ಹೇಳಿಬಿಡುತ್ತೇವೆ. ಬಣ್ಣ ತುಂಬುವ ತಗ್ಗು ಜಾಗಕ್ಕೆ ಗುಳಿ, ಗುಳಿಗಳನ್ನು ಬೇರ್ಪಡಿಸುವ ಎತ್ತರದ ಲೋಹದ ಗೆರೆಗೆ ಏಣು, ಗುಳಿಯ ನೆಲಕ್ಕೆ ತಳ ಎನ್ನುತ್ತೇವೆ.

ಸಾಫ್ಟ್ ಎನಾಮೆಲ್

ಅಚ್ಚು ಒತ್ತಿದ ಮೇಲೆ ಮೊದಲು ಪ್ಲೇಟಿಂಗ್ (ಗಿಲೀಟು ಹಾಕುವುದು), ಆಮೇಲೆ ಬಣ್ಣ: ಇದು ಸಾಫ್ಟ್ ಎನಾಮೆಲ್‌ನ ಕ್ರಮ. ಪಾರದರ್ಶಕ ಬಣ್ಣಕ್ಕೆ ಇದೇ ದೊಡ್ಡ ಅನುಕೂಲ. ಗುಳಿಯ ತಳಕ್ಕೂ ಗಿಲೀಟು ಹತ್ತಿರುತ್ತದೆ, ಚಿನ್ನ ಅಥವಾ ಬೆಳ್ಳಿಯ ಹೊಳಪಿನ ಮೇಲೆಯೇ ಬಣ್ಣ ಕೂರುತ್ತದೆ. ಸೂಜಿಯಿಂದ ಗುಳಿಗೆ ಬಣ್ಣ ಬಿಟ್ಟು, ಒಲೆಯಲ್ಲಿ ಒಣಗಿಸಿದರೆ ಕೆಲಸ ಮುಗಿಯಿತು. ಬಣ್ಣ ಏಣಿಗಿಂತ ಕೆಳಗೇ ನಿಲ್ಲುವುದರಿಂದ ಬೆರಳಾಡಿಸಿದರೆ ಏರುತಗ್ಗು ತಿಳಿಯುತ್ತದೆ.

ತೊಂದರೆ ಇರುವುದು ದಪ್ಪದಲ್ಲಿ. ದ್ರವ ಬಣ್ಣ ಏಣಿನ ಗೋಡೆಯನ್ನು ಹತ್ತುತ್ತದೆ, ಲೋಟದ ಅಂಚಿನಲ್ಲಿ ನೀರು ಸ್ವಲ್ಪ ಮೇಲೇರಿ ನಿಲ್ಲುವ ಹಾಗೆ. ಒಣಗಿದಾಗ ಅಂಚಿನಲ್ಲಿ ದಪ್ಪ, ನಡುವೆ ತೆಳು. ಸಾಮಾನ್ಯ ಬಣ್ಣದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಪಾರದರ್ಶಕದಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಇಲ್ಲಿ ದಪ್ಪವೇ ಬಣ್ಣದ ಗಾಢತೆ. ಲೆಕ್ಕ ನೋಡಿ: ಒಂದು ಪದರ 100ರಲ್ಲಿ 70 ಪಾಲು ಬೆಳಕನ್ನು ಬಿಡುತ್ತದೆ ಎನ್ನೋಣ. ಹೋಗಿ ಬರುವಷ್ಟರಲ್ಲಿ ಉಳಿಯುವುದು 49. ಅದೇ ಪದರದ ದಪ್ಪ ಇಮ್ಮಡಿಯಾದರೆ ಉಳಿಯುವುದು 24 ಮಾತ್ರ. ಗುಳಿಯ ಒಂದು ಬದಿಗೆ ತುಸು ಹೆಚ್ಚು ಬಣ್ಣ ಹರಿದರೂ ಒಂದೇ ಎಲೆಯಲ್ಲಿ ಎರಡು ಹಸಿರು ಕಾಣುವುದು ಇದಕ್ಕೇ.

ಗುಳಿ ಚಿಕ್ಕದಾದಷ್ಟೂ ಈ ಕಾಟ ಕಡಿಮೆ. ನವಿಲಿನ ಗರಿ, ಮೀನಿನ ಹುರುಪೆ, ಕಮಲದ ದಳ ಇಂಥ ಚಿತ್ರಗಳು ಪಾರದರ್ಶಕ ಬಣ್ಣಕ್ಕೆ ಹೇಳಿ ಮಾಡಿಸಿದಂತಿರುತ್ತವೆ, ಹಲವು ಸಣ್ಣ ಗುಳಿಗಳು, ನಡುವೆ ಏಣುಗಳು. ಇಡೀ ಆಕಾಶವನ್ನು ಒಂದೇ ಗುಳಿಯಲ್ಲಿ ತುಂಬಿಸಿದರೆ ಕಲೆ ಕಲೆಯಾಗುವುದು ಹೆಚ್ಚುಕಡಿಮೆ ಖಚಿತ. ಅಗಲ 10 ಮಿಲಿಮೀಟರ್ ದಾಟುವ ಗುಳಿಯನ್ನು ಏಣು ಹಾಕಿ ಒಡೆಯಿರಿ, ಇಲ್ಲವೇ ತಳಕ್ಕೆ ವಿನ್ಯಾಸ ಕೊಡಿ, ಅದನ್ನು ಮುಂದೆ ವಿವರಿಸಿದ್ದೇವೆ.

ಸಾಫ್ಟ್ ಎನಾಮೆಲ್ ಮೇಲೆ ಎಪಾಕ್ಸಿಯ, ಅಂದರೆ ಗಟ್ಟಿಯಾಗುವ ತಿಳಿ ರಾಳದ, ಗುಮ್ಮಟ ಹಾಕಿಸಬೇಕೇ? ಸಾಮಾನ್ಯ ಬಣ್ಣಕ್ಕಾದರೆ ಬೇಡ ಎನ್ನುತ್ತಿದ್ದೆವು. ಪಾರದರ್ಶಕಕ್ಕೆ ಯೋಚಿಸಬಹುದು. ಮೇಲ್ಮೈ ಒಂದೇ ಸಮನಾಗಿ ನುಣುಪಾಗುವುದರಿಂದ ಬಣ್ಣ ಇನ್ನಷ್ಟು ಆಳವಾಗಿ ಕಾಣುತ್ತದೆ, ತಳದ ವಿನ್ಯಾಸ ಭೂತಗನ್ನಡಿಯ ಕೆಳಗೆ ಇಟ್ಟಂತೆ ತುಸು ದೊಡ್ಡದಾಗುತ್ತದೆ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಎಪಾಕ್ಸಿಗೆ ಗೀರು ಬೇಗ ಬೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ತಿಳಿನೀಲಿಯ ಮೇಲೆ ಹಳದಿಗಟ್ಟಿದ ಎಪಾಕ್ಸಿ ಹಸಿರಾಗಿ ಕಾಣುತ್ತದೆ. ಚೀಲಕ್ಕೆ ಸಿಕ್ಕಿಸಿ ದಿನವಿಡೀ ಬಿಸಿಲಲ್ಲಿ ಓಡಾಡುವ ಪಿನ್ನಿಗೆ ಗುಮ್ಮಟ ಬೇಡ.

ಹಾರ್ಡ್ ಎನಾಮೆಲ್

ಇಲ್ಲಿ ಕ್ರಮ ತಿರುವುಮುರುವು. ಅಚ್ಚು ಒತ್ತಿದ ಮೇಲೆ ರಾಳದ ಬಣ್ಣವನ್ನು ಏಣಿಗಿಂತ ಮೇಲಕ್ಕೆ ತುಂಬಿ, ಒಲೆಯಲ್ಲಿ ಗಟ್ಟಿಮಾಡಿ, ಏಣು ಮತ್ತು ಬಣ್ಣ ಒಂದೇ ಮಟ್ಟಕ್ಕೆ ಬರುವವರೆಗೆ ಉಜ್ಜುತ್ತಾರೆ. ಕೊನೆಗೆ ಪ್ಲೇಟಿಂಗ್. ಆದರೆ ಆ ಹೊತ್ತಿಗೆ ಗುಳಿಯ ತಳ ರಾಳದ ಕೆಳಗೆ ಮುಚ್ಚಿಹೋಗಿರುತ್ತದೆ, ಗಿಲೀಟು ಹತ್ತುವುದು ಏಣು, ಅಂಚು, ಹಿಂಬದಿಗೆ ಮಾತ್ರ. ಪಿನ್ ಚಿನ್ನದ್ದಾಗಿ ಕಂಡರೂ ಬಣ್ಣದ ಕೆಳಗೆ ಇರುವುದು ಹಸಿ ಕಬ್ಬಿಣದ ಅಥವಾ ಸತು ಮಿಶ್ರಲೋಹದ ಬೂದು ತಳ. ಪಾರದರ್ಶಕ ಹಾರ್ಡ್ ಎನಾಮೆಲ್ ಪಿನ್ ಮಂಕಾಗಿ ಬಂತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಪರಿಹಾರ ಎರಡು. ಒಂದು, ಬಣ್ಣ ತುಂಬುವ ಮುನ್ನವೇ ಒಮ್ಮೆ ಪ್ಲೇಟಿಂಗ್ ಮಾಡಿಸುವುದು. ಉಜ್ಜುವಾಗ ಏಣಿನ ಮೇಲಿನ ಗಿಲೀಟು ಹೋಗುತ್ತದೆ, ತಳದ್ದು ಉಳಿಯುತ್ತದೆ, ಕೊನೆಯಲ್ಲಿ ಏಣಿಗೆ ಇನ್ನೊಮ್ಮೆ ಗಿಲೀಟು ಹಾಕುತ್ತಾರೆ. ಖರ್ಚು ಹೆಚ್ಚು, ದಿನವೂ ಹೆಚ್ಚು. ಆದರೆ ಇದರಲ್ಲೊಂದು ಸೊಗಸಾದ ಸಾಧ್ಯತೆ ಇದೆ: ತಳಕ್ಕೆ ಬೆಳ್ಳಿ ಬಣ್ಣ, ಏಣಿಗೆ ಚಿನ್ನ. ಎರಡು, ಲೋಹವನ್ನೇ ಹಿತ್ತಾಳೆಗೆ ಬದಲಿಸುವುದು. ಗಿಲೀಟಿಲ್ಲದ ಹಿತ್ತಾಳೆಯ ತಳವೂ ಬೆಚ್ಚಗೆ ಹೊಳೆಯುತ್ತದೆ, ಕೆಂಪು, ಕಿತ್ತಳೆ, ಜೇನು ಬಣ್ಣಗಳಿಗೆ ಅದು ಸಾಕು. ಕೇಳುವಾಗ ಹೀಗೆ ನೇರವಾಗಿ ಕೇಳಿ: ಬಣ್ಣದ ಕೆಳಗೆ ಯಾವ ಲೋಹದ ಮೇಲ್ಮೈ ಇರುತ್ತದೆ? ಉತ್ತರ ಸ್ಪಷ್ಟವಾಗಿ ಬರದಿದ್ದರೆ ಸ್ಯಾಂಪಲ್ ನೋಡದೆ ಮುಂದುವರಿಯಬೇಡಿ.

ದಪ್ಪದ ವಿಷಯದಲ್ಲಿ ಹಾರ್ಡ್ ಎನಾಮೆಲ್ ಗೆಲ್ಲುತ್ತದೆ. ಮೇಲ್ಮೈ ಸಮತಟ್ಟು, ತಳವೂ ಸಮತಟ್ಟಾಗಿದ್ದರೆ ಬಣ್ಣ ಒಂದೇ ಸಮನೆ. ಆದರೆ ಉಜ್ಜಿದ ಗೀರುಗಳು ಉಳಿದರೆ ಪಾರದರ್ಶಕ ಬಣ್ಣದ ಮೇಲೆ ಮಂಜು ಕವಿದಂತಾಗುತ್ತದೆ. ಒರಟು ಕಲ್ಲಿನಿಂದ ಶುರುಮಾಡಿ ಹಂತ ಹಂತವಾಗಿ ನುಣುಪಿಗೆ ಬಂದು, ಬಟ್ಟೆಯ ಗಾಲಿಯಲ್ಲಿ ಪಾಲಿಶ್ ಮುಗಿಸಬೇಕು. ನಡುವಿನ ಒಂದು ಹಂತ ಬಿಟ್ಟರೂ ಗೊತ್ತಾಗುತ್ತದೆ. ಇನ್ನೊಂದು ದೋಷ, ರಾಳ ಏಣಿನ ಗೋಡೆಗೆ ಸರಿಯಾಗಿ ಅಂಟದೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದರೆ ಕೊನೆಯ ಪ್ಲೇಟಿಂಗ್ ದ್ರಾವಣ ಅದರೊಳಗೆ ಇಳಿದು ಅಂಚಿನುದ್ದಕ್ಕೂ ಕಪ್ಪು ಗೆರೆ ಕಟ್ಟುತ್ತದೆ. ಇದನ್ನು ತೊಳೆದು ತೆಗೆಯಲು ಬರುವುದಿಲ್ಲ. ಆ ಪಿನ್ ಹೋದಂತೆಯೇ.

ಹಾರ್ಡ್ ಎನಾಮೆಲ್‌ನ ಸಮತಟ್ಟಿನ ಮೇಲೆ ಸ್ಕ್ರೀನ್ ಪ್ರಿಂಟ್ ಚೆನ್ನಾಗಿ ಕೂರುತ್ತದೆ. ಪಾರದರ್ಶಕ ನೀಲಿಯ ಮೇಲೆ ಬಿಳಿ ದೋಣಿ ಅಚ್ಚಾದರೆ, ಅದರ ನೆರಳು ಕೆಳಗಿನ ಲೋಹದ ಮೇಲೆ ಬಿದ್ದು ದೋಣಿ ನೀರಿನ ಮೇಲೆ ತೇಲುವಂತೆ ಕಾಣುತ್ತದೆ. ಬೇರೆ ಯಾವ ವಿಧಾನದಲ್ಲೂ ಇಷ್ಟು ಸುಲಭವಾಗಿ ಈ ಆಳ ಸಿಗುವುದಿಲ್ಲ.

ತಳವಿಲ್ಲದ ಪಿನ್

ಇಗರ್ಜಿಯ ಬಣ್ಣದ ಗಾಜಿನ ಕಿಟಕಿಯ ಹಾಗೆ, ಗುಳಿಯ ಬದಲು ಲೋಹದಲ್ಲಿ ಆರುಪಾರು ಕಿಂಡಿ ಬಿಟ್ಟು ಅದಕ್ಕೆ ಪಾರದರ್ಶಕ ರಾಳ ತುಂಬುವುದು. ಹಿಂದೆ ತಾತ್ಕಾಲಿಕವಾಗಿ ಟೇಪ್ ಅಂಟಿಸಿ, ರಾಳ ಗಟ್ಟಿಯಾದ ಮೇಲೆ ಕಿತ್ತುಹಾಕುತ್ತಾರೆ. ಬೆಳಕಿಗೆ ಹಿಡಿದರೆ ಕಣ್ಣು ಕೀಳಲಾಗದಷ್ಟು ಚೆಂದ.

ಆದರೆ ಪಿನ್ ಇರುವುದು ಬಟ್ಟೆಯ ಮೇಲೆ. ಹಿಂದಿನಿಂದ ಬೆಳಕು ಬರುವುದೇ ಇಲ್ಲ, ತಳದ ಜಾಗದಲ್ಲಿ ಈಗ ಅಂಗಿಯ ಬಣ್ಣ ಇದೆ. ಬಿಳಿ ಅಂಗಿಯ ಮೇಲೆ ಪರವಾಗಿಲ್ಲ. ಕಪ್ಪು ಕೋಟಿನ ಮೇಲೆ ಎಲ್ಲ ಕಿಂಡಿಯೂ ಕಪ್ಪು. ಈ ವಿಧಾನ ಕೀಚೈನ್, ಓಲೆ, ಪುಸ್ತಕದ ಗುರುತುಪಟ್ಟಿಗಳಿಗೆ ಸರಿ. ಪಿನ್ನಿಗೇ ಬೇಕೆಂದರೆ ಹಿಂದೆ ಒಂದೆರಡು ಮಿಲಿಮೀಟರ್ ಅಂತರದಲ್ಲಿ ಹೊಳಪಿನ ಇನ್ನೊಂದು ತಗಡು ಜೋಡಿಸಬೇಕು, ಅಂದರೆ ಎರಡು ಬಿಡಿಭಾಗ, ಎರಡರ ಖರ್ಚು, ಹೆಚ್ಚಿನ ತೂಕ.

ಕಿಂಡಿ ದೊಡ್ಡದಾದರೆ ರಾಳ ಕುಗ್ಗಿ ಸಡಿಲವಾಗಿ, ಪಿನ್ ತುಸು ಬಾಗಿದರೂ ತುಂಡಾಗಿ ಉದುರುತ್ತದೆ. ಹಿಡಿತಕ್ಕೆ ಸುತ್ತಲಿನ ಗೋಡೆ ಬಿಟ್ಟರೆ ಬೇರೇನೂ ಇಲ್ಲವಲ್ಲ. ಸೂಜಿ ಬೆಸೆಯಲು ಹಿಂಬದಿಯಲ್ಲಿ ಗಟ್ಟಿ ಲೋಹದ ಜಾಗವನ್ನೂ ವಿನ್ಯಾಸದಲ್ಲೇ ಬಿಡಬೇಕು, ಇದನ್ನು ಮರೆತ ಚಿತ್ರಗಳೇ ಹೆಚ್ಚು.

ನಿಜವಾದ ಗಾಜಿನ ಎನಾಮೆಲ್

ಮೇಲಿನ ಮೂರೂ ಬಣ್ಣ ಅಥವಾ ರಾಳ. ಎನಾಮೆಲ್ ಎಂಬ ಹೆಸರಿಗೆ ಮೂಲದ ಹಕ್ಕಿರುವುದು ಗಾಜಿನ ಪುಡಿಗೆ. ಜೈಪುರದ ಮೀನಾಕಾರಿ ಮಾಡುವುದು ಇದರಿಂದಲೇ. ಪುಡಿಯನ್ನು ಲೋಹದ ಮೇಲೆ ಹರಡಿ 750ರಿಂದ 850 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಕೆಲವೇ ನಿಮಿಷ ಇಟ್ಟರೆ ಕರಗಿ ಗಾಜಾಗಿ ಬೆಸೆದುಕೊಳ್ಳುತ್ತದೆ. ಬಿಸಿಲಿಗೆ ಮಾಸುವುದಿಲ್ಲ, ಉಗುರಿಗೆ ಗೀರು ಬೀಳುವುದಿಲ್ಲ.

ತಳವೇ ಬಣ್ಣ ಎಂಬುದನ್ನು ಈ ಕಸುಬಿನವರು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. 13ನೇ ಶತಮಾನದ ಕೊನೆಯಲ್ಲಿ ಇಟಲಿಯ ಸಿಯೆನಾದ ಅಕ್ಕಸಾಲಿ ಗುಚ್ಚೋ ದಿ ಮನ್ನಾಯಾ ಪೋಪ್ 4ನೇ ನಿಕೊಲಸ್‌ಗಾಗಿ ಮಾಡಿದ ಪೂಜಾಪಾತ್ರೆ ಅಸ್ಸೀಸಿಯಲ್ಲಿದೆ. ಅದರಲ್ಲಿ ಬೆಳ್ಳಿಯನ್ನು ಮೇಲುಕೆಳಗಾಗಿ ಕೊರೆದು ಪಾರದರ್ಶಕ ಗಾಜು ತುಂಬಿದ್ದಾನೆ: ಆಳ ಕೊರೆದಲ್ಲಿ ಗಾಜು ದಪ್ಪ, ಬಣ್ಣ ಗಾಢ, ಮೇಲಿದ್ದಲ್ಲಿ ತಿಳಿ. ಸಾಫ್ಟ್ ಎನಾಮೆಲ್‌ನಲ್ಲಿ ನಮ್ಮನ್ನು ಕಾಡುವ ದಪ್ಪದ ವ್ಯತ್ಯಾಸವೇ ಅವನ ಕೈಯಲ್ಲಿ ನೆರಳು-ಬೆಳಕಾಗಿದೆ. ರಷ್ಯಾದ ಫ್ಯಾಬರ್ಜೆ ಕಾರ್ಖಾನೆ ಲೋಹದ ತಳಕ್ಕೆ ಯಂತ್ರದಿಂದ ಅಲೆ, ಕಿರಣಗಳ ಗೆರೆ ಕೊರೆದು, ಅದರ ಮೇಲೆ ಗಾಜಿನ ಪದರಗಳನ್ನು ಒಂದರ ಮೇಲೊಂದು ಸುಟ್ಟು ಹೆಸರು ಮಾಡಿತು.

ಇಲ್ಲಿ ಲೋಹದ ಆಯ್ಕೆ ಕಠಿಣ. ಸತು ಮಿಶ್ರಲೋಹ 390 ಡಿಗ್ರಿಯೊಳಗೇ ಕರಗುತ್ತದೆ, ಆಗದ ಮಾತು. ಸಾಧಾರಣ ಹಿತ್ತಾಳೆಯಲ್ಲಿರುವ ಸತು ಗಾಜನ್ನು ಹಿಡಿಯಗೊಡುವುದಿಲ್ಲ. ಉಳಿಯುವುದು ತಾಮ್ರ, ಶುದ್ಧ ಬೆಳ್ಳಿ, ಚಿನ್ನ, ಮತ್ತು ಬ್ಯಾಡ್ಜ್ ಮಾಡುವವರು ಬಳಸುವ 95 ಪಾಲು ತಾಮ್ರ, 5 ಪಾಲು ಸತುವಿನ ಮಿಶ್ರಣ. ತಾಮ್ರದ ಮೇಲೆ ಮೊದಲು ಬಣ್ಣವಿಲ್ಲದ ಗಾಜಿನ ಒಂದು ಪದರ ಸುಡಬೇಕು, ಇಲ್ಲದಿದ್ದರೆ ತಳ ಕಪ್ಪಿಟ್ಟು ಬಣ್ಣ ಸಾಯುತ್ತದೆ. ಬೆಳ್ಳಿಯ ಮೇಲೆ ನೀಲಿ, ಹಸಿರು ಬೆಳಗುತ್ತವೆ, ಆದರೆ ಪಾರದರ್ಶಕ ಕೆಂಪನ್ನು ನೇರ ಹಾಕಿದರೆ ಬೆಳ್ಳಿಯೊಂದಿಗೆ ಬೆರೆತು ಕಂದುಹಳದಿಗೆ ತಿರುಗುತ್ತದೆ. ನಡುವೆ ಬಣ್ಣವಿಲ್ಲದ ಗಾಜಿನ ಪದರವೋ ಚಿನ್ನದ ರೇಕೋ ಬೇಕು. ಜೈಪುರದ ಮೀನಾಕಾರಿಯ ಕೆಂಪು ಚಿನ್ನದ ಮೇಲೆ ಅಷ್ಟು ಚೆನ್ನಾಗಿ ಕಾಣುವುದರ ಗುಟ್ಟು ಇದರಲ್ಲೇ ಇದೆ.

ಪುಡಿಯನ್ನು ಬಳಸುವ ಮುನ್ನ ನೀರು ತಿಳಿಯಾಗುವವರೆಗೆ ತೊಳೆಯಬೇಕು. 80 ಮೆಶ್ (ಅಂಗುಲಕ್ಕೆ 80 ಕಣ್ಣಿನ) ಜರಡಿಯ ಪುಡಿಯಲ್ಲಿ ಹಿಟ್ಟಿನಂಥ ನುಣ್ಣನೆ ಕಣಗಳೂ ಇರುತ್ತವೆ, ಅವು ಉಳಿದರೆ ಗಾಜು ಮಜ್ಜಿಗೆ ಬೆರೆಸಿದ ನೀರಿನಂತೆ ಮಸುಕು. ಹಿಂಬದಿಗೂ ಎನಾಮೆಲ್ ಹಚ್ಚದಿದ್ದರೆ ತೆಳು ತಗಡು ತಣಿಯುವಾಗ ಸೊಟ್ಟಗಾಗಿ ಗಾಜು ಬಿರಿಯುತ್ತದೆ. ಐವತ್ತು ನೂರು ರೂಪಾಯಿಗೆ ಮಾರುವ ಪಿನ್ನಿಗೆ ಇದು ಹೊಂದುವುದಿಲ್ಲ. ಹತ್ತಿಪ್ಪತ್ತು ಪಿನ್ ಸಾಕು, ಬಹುಮಾನವಾಗಿ ಕೊಡಬೇಕು, ತಲೆಮಾರು ಉಳಿಯಬೇಕು ಎಂದರೆ ಮಾತ್ರ.

ಗಿಲೀಟು: ಯಾವ ಬಣ್ಣಕ್ಕೆ ಯಾವುದು

ಬೆಳ್ಳಿ ಬಣ್ಣದ ನಿಕಲ್ ಎಲ್ಲಕ್ಕಿಂತ ಪ್ರಾಮಾಣಿಕ, ಬಣ್ಣವನ್ನು ಹೆಚ್ಚು ತಿರುಚುವುದಿಲ್ಲ. ನೀಲಿ, ನೇರಳೆ, ತಿಳಿಗುಲಾಬಿ, ಹಳದಿ ಇವುಗಳಿಗೆ ಬೇರೆ ಯೋಚನೆ ಬೇಡ.

ಚಿನ್ನ ನೀಲಿ ಬೆಳಕನ್ನು ಹೆಚ್ಚು ಹಿಂತಿರುಗಿಸುವುದಿಲ್ಲ. ನೀಲಿ ಪದರವೋ ನೀಲಿಯನ್ನು ಬಿಟ್ಟು ಬೇರೇನನ್ನೂ ಬಿಡುವುದಿಲ್ಲ. ಇವೆರಡರ ನಡುವೆ ಸಿಕ್ಕಿದ ಬೆಳಕು ಬಹುಪಾಲು ಅಲ್ಲೇ ಕಳೆದುಹೋಗಿ, ಹೊರಗೆ ಕಾಣುವುದು ಕಡುಹಸಿರು ಛಾಯೆಯ ಮಂಕು ನೀಲಿ. ನೇರಳೆ ಚಿನ್ನದ ಮೇಲೆ ಕಂದಿಗೆ ಹೋಗುತ್ತದೆ. ಕೆಂಪು, ಕಿತ್ತಳೆ, ಎಲೆಹಸಿರು ಚಿನ್ನದ ಮೇಲೆ ಜೀವ ತುಂಬಿಕೊಳ್ಳುತ್ತವೆ. ಕಪ್ಪು ನಿಕಲ್ ಮೇಲೆ ಎಲ್ಲವೂ ಹೊಗೆ ಹಿಡಿದಂತೆ. ಕಪ್ಪು ಬಣ್ಣ ಹಾಕಿದ ಲೋಹದ ಮೇಲೆ ಪಾರದರ್ಶಕ ಬಣ್ಣ ಹಾಕಿಸಲೇಬೇಡಿ, ಹಣ ಕೊಟ್ಟು ಕಪ್ಪನ್ನೇ ಕೊಂಡಂತೆ. ಕಪ್ಪು ಏಣು ಬೇಕೇ ಬೇಕು ಎಂದರೆ ಗುಳಿಗೆ ಮೊದಲು ಬಿಳಿ ಬಣ್ಣದ ತೆಳು ಪದರ ಹಾಕಿಸಿ, ಮೇಲೆ ಪಾರದರ್ಶಕ ಬಿಡಿಸಬಹುದು. ಬಣ್ಣ ಪೆಪ್ಪರಮಿಂಟಿನಂತೆ ಹೊಳಪಾಗಿ ಬರುತ್ತದೆ, ಲೋಹದ ಮಿನುಗು ಮಾತ್ರ ಇರುವುದಿಲ್ಲ. ಅದಕ್ಕೆ ಗುಳಿಯ ಆಳವೂ ತುಸು ಹೆಚ್ಚಿರಬೇಕು.

ಹಾಗಾದರೆ ಬಾವುಟದ ಪಿನ್ನಿಗೆ? ನಮ್ಮ ಆಯ್ಕೆ: ಚಿನ್ನದ ಗಿಲೀಟಿನ ಸಾಫ್ಟ್ ಎನಾಮೆಲ್, ಹಳದಿ ಸಾಮಾನ್ಯ ಬಣ್ಣ, ಕೆಂಪು ಮಾತ್ರ ಪಾರದರ್ಶಕ, ಕೆಂಪಿನ ತಳದಲ್ಲಿ ಕಿರಣದ ಗೆರೆಗಳು. ಎರಡೂ ಪಾರದರ್ಶಕವೇ ಆಗಬೇಕು ಎಂದರೆ ನಿಕಲ್‌ಗೆ ಹೋಗಿ, ಆದರೆ ಕೆಂಪನ್ನು ಕಾರ್ಖಾನೆಯ ಬಣ್ಣದ ಹಲಗೆಯಲ್ಲಿ ಒಂದು ಮೆಟ್ಟಿಲು ಗಾಢವಾದದ್ದನ್ನೇ ಆರಿಸಿ, ಇಲ್ಲದಿದ್ದರೆ ಕುಂಕುಮ ಗುಲಾಬಿಯಾಗುತ್ತದೆ.

ಅಚ್ಚು ಮತ್ತು ತಳದ ವಿನ್ಯಾಸ

ಪಿನ್ನಿನ ಗುಳಿಯ ತಳವನ್ನು ಪಾಲಿಶ್ ಗಾಲಿ ಮುಟ್ಟಲಾರದು, ಏಣುಗಳು ಅಡ್ಡ ಬರುತ್ತವೆ. ಆದ್ದರಿಂದ ತಳದ ನುಣುಪು ನಿರ್ಧಾರವಾಗುವುದು ಅಚ್ಚಿನಲ್ಲೇ. ಅಚ್ಚಿನಲ್ಲಿ ಎತ್ತರವಾಗಿರುವ ಭಾಗವೇ ಪಿನ್ನಿನಲ್ಲಿ ತಳವಾಗುತ್ತದೆ, ಕೊರೆಯುವ ಯಂತ್ರದ ಗೆರೆಗಳು ಅದರ ಮೇಲೆ ಉಳಿದಿದ್ದರೆ ಪ್ರತಿಯೊಂದು ಪಿನ್ನಿನ ಮೇಲೂ ಅಚ್ಚಾಗುತ್ತವೆ. ಸಾಮಾನ್ಯ ಬಣ್ಣಕ್ಕೆ ಮಾಡಿಸಿದ ಹಳೆಯ ಅಚ್ಚಿನಲ್ಲೇ ಪಾರದರ್ಶಕ ಪಿನ್ ತೆಗೆಸಿದಾಗ ಈ ಗೆರೆಗಳು ಹೊರಬೀಳುತ್ತವೆ. ಅಚ್ಚನ್ನು ಪಾಲಿಶ್ ಮಾಡಿಸಿ ಎಂದು ಆರ್ಡರಿನಲ್ಲೇ ಬರೆಯಿರಿ.

ಇನ್ನೂ ಒಳ್ಳೆಯದು, ತಳವನ್ನು ಖಾಲಿ ಬಿಡದಿರುವುದು. ನಡುವಿನಿಂದ ಹೊರಡುವ ಕಿರಣ, ಅಲೆ, ಚುಕ್ಕಿ, ಮರಳು ಊದಿದಂಥ ಒರಟು ಯಾವುದಾದರೂ ಆಗಬಹುದು. ಇವು ಯಂತ್ರದ ಗೆರೆಯನ್ನೂ ಬಣ್ಣದ ಏರುಪೇರನ್ನೂ ಮರೆಸುತ್ತವೆ, ಪಿನ್ ಅಲುಗಿದಾಗ ಬೆಳಕು ಓಡಾಡುತ್ತದೆ. ಕನ್ನಡಿಯಂತೆ ನುಣುಪಾದ ತಳ ಕಾಗದದ ಮೇಲೆ ಚೆಂದ, ಕೈಯಲ್ಲಿ ಹಿಡಿದಾಗ ಒಂದು ಕೋನದಲ್ಲಿ ಹೊಳೆದು ಉಳಿದ ಕೋನಗಳಲ್ಲಿ ಕಪ್ಪಾಗಿ ಕಾಣುತ್ತದೆ. ವಿನ್ಯಾಸದ ಗೆರೆ ಏಣಿನ ಅರ್ಧ ಎತ್ತರವನ್ನು ಮೀರದಿರಲಿ, ಮೀರಿದರೆ ಅದರ ಮೇಲೆ ಬಣ್ಣ ತೆಳುವಾಗಿ ಬರಿಯ ಲೋಹದಂತೆ ಕಾಣುತ್ತದೆ.

ಲೋಹದ ಬಗ್ಗೆ ಒಂದು ಮಾತು. ಕಬ್ಬಿಣ ಅಗ್ಗ, ಅಚ್ಚು ಚೆನ್ನಾಗಿ ಹಿಡಿಯುತ್ತದೆ, ಗಿಲೀಟಿನ ಸಾಫ್ಟ್ ಎನಾಮೆಲ್‌ಗೆ ಅದೇ ಸಾಕು. ಸತು ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ಯುವುದರಿಂದ ಕಿಂಡಿಗಳಿಗೆ ಅನುಕೂಲ, ಆದರೆ ಎರಕದೊಳಗೆ ಸಿಕ್ಕ ಗಾಳಿ ಒಲೆಯ ಬಿಸಿಗೆ ಉಬ್ಬಿ ಹೊರಬಂದು ಬಣ್ಣದಲ್ಲಿ ಗುಳ್ಳೆಯಾಗುತ್ತದೆ.

ಗುಳ್ಳೆ, ಧೂಳು, ಮತ್ತು ಬಣ್ಣದ ಸಂಖ್ಯೆ

ಎರಡು ಭಾಗದ ರಾಳವನ್ನು ಜೋರಾಗಿ ಕಲಸಿದರೆ ಗಾಳಿ ಸೇರುತ್ತದೆ. ಸಾಮಾನ್ಯ ಬಣ್ಣದೊಳಗೆ ಆ ಗುಳ್ಳೆ ಹುದುಗಿಹೋಗುತ್ತದೆ, ಪಾರದರ್ಶಕದಲ್ಲಿ ಸೂಜಿಮೊನೆಯಷ್ಟಿದ್ದರೂ ಬಿಳಿ ಚುಕ್ಕಿ. ನಿಧಾನ ಕಲಸಿ, ನಿರ್ವಾತ ಪಾತ್ರೆಯಲ್ಲಿ ಗಾಳಿ ಎಳೆಸಿ, ಒಲೆಯ ಬಿಸಿಯನ್ನು ಮೆಲ್ಲಗೆ ಏರಿಸಬೇಕು. ಒಮ್ಮೆಗೇ ಬಿಸಿ ಕೊಟ್ಟರೆ ಮೇಲೆ ಕೆನೆ ಕಟ್ಟಿ ಒಳಗಿನ ಗಾಳಿ ಸಿಕ್ಕಿಬೀಳುತ್ತದೆ. ಪ್ಲೇಟಿಂಗ್ ಆದ ಮೇಲೆ ತಳಕ್ಕೆ ತಾಗಿದ ಬೆರಳಿನ ಗುರುತು, ಬಟ್ಟೆಯ ಎಳೆ ಕೂಡ ಬಣ್ಣದ ಕೆಳಗೆ ಶಾಶ್ವತ. ಸ್ವಲ್ಪ ಗ್ಲಿಟರ್ ಬೆರೆಸಿದರೆ ಇವೆಲ್ಲ ಮುಚ್ಚಿಹೋಗುತ್ತವೆ ನಿಜ, ತಳದ ವಿನ್ಯಾಸವೂ ಮುಚ್ಚಿಹೋಗುತ್ತದೆ.

ಮುದ್ರಣದವರು ಬಳಸುವ ಪ್ಯಾಂಟೋನ್ ಬಣ್ಣದ ಕಾರ್ಡಿನ ಸಂಖ್ಯೆ ಕೊಟ್ಟು ಪಾರದರ್ಶಕ ಬಣ್ಣ ಹೊಂದಿಸಲು ಬರುವುದಿಲ್ಲ. ಆ ಕಾರ್ಡು ಬಿಳಿ ಕಾಗದದ ಮೇಲಿನ ಶಾಯಿ. ಕಾರ್ಖಾನೆಯದೇ ಪಾರದರ್ಶಕ ಬಣ್ಣದ ಲೋಹದ ಹಲಗೆ ಇರುತ್ತದೆ, ನೀವು ಆರಿಸಿದ ಗಿಲೀಟಿನದನ್ನೇ ತರಿಸಿ ನೋಡಿ. ಪಾರದರ್ಶಕ ಬಣ್ಣಗಳಲ್ಲಿ ಬಳಸುವ ಡೈಗಳು (ಕರಗುವ ಬಣ್ಣಗಳು) ಸಾಮಾನ್ಯ ಬಣ್ಣದ ಪಿಗ್ಮೆಂಟಿಗಿಂತ (ಕರಗದ ಬಣ್ಣದ ಪುಡಿಗಿಂತ) ಬಿಸಿಲಿಗೆ ಬೇಗ ಮಾಸುವುದೂ ಉಂಟು. ಸ್ಯಾಂಪಲ್ ಪಿನ್ನಿನ ಅರ್ಧಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿ ಎರಡು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಉತ್ತರ ಕೈಯಲ್ಲೇ ಸಿಗುತ್ತದೆ.

ಸ್ಯಾಂಪಲ್ಲಿನ ಒಂದೇ ಫೋಟೋ ನೋಡಿ ಒಪ್ಪಿಗೆ ಕೊಡಬೇಡಿ. ಒಂದೇ ದೀಪದ ಕೆಳಗೆ ಪಿನ್ನನ್ನು ನಿಧಾನಕ್ಕೆ ಓರೆ ಮಾಡುವ ವಿಡಿಯೊ ಕೇಳಿ: ಗುಳ್ಳೆ, ಗೀರು, ಮಂಜು ಓರೆ ಬೆಳಕಿನಲ್ಲೇ ಕಾಣುವುದು. ಬಣ್ಣದ ನಿಜವಾದ ಛಾಯೆಗೆ ಬಾಗಿಲ ಬಳಿಯ ಹಗಲ ಬೆಳಕಿನ ಇನ್ನೊಂದು ಚಿತ್ರ ಬೇಕು. ಒಪ್ಪಿದ ಸ್ಯಾಂಪಲ್ಲುಗಳಲ್ಲಿ ಒಂದು ನಿಮ್ಮ ಬಳಿ, ಒಂದು ಅವರ ಬಳಿ ಇರಲಿ. ಎಷ್ಟು ಗುಳ್ಳೆಯವರೆಗೆ ಸರಿ, ಅದಕ್ಕೂ ಮೀರಿದರೆ ಮತ್ತೆ ಮಾಡಿಕೊಡುವುದು ಯಾರ ಖರ್ಚು ಎಂಬುದನ್ನು ಮುಂಗಡ ಕಟ್ಟುವ ಮುನ್ನವೇ ಬರಹದಲ್ಲಿ ಮುಗಿಸಿಕೊಳ್ಳಿ.